ಇಪ್ಪತ್ತು ಎಣಿಸುವುದರೊಳಗೆ

ಬೇರೆ ಊರುಗಳಲ್ಲಿ ಲಸಿಕೆಯ ಪ್ರಮಾಣಪತ್ರ ಫೋನಿಗೆ ಬರುತ್ತಿತ್ತಂತೆ. ನಮ್ಮೂರಲ್ಲಿ ಅಂಗೈಗೆ ಬಂತು. ಎರಡನೆಯ ಸೂಜಿ ಹಾಕಿಸಿಕೊಂಡ ಹದಿನಾಲ್ಕನೆಯ ದಿನ ಬೆಳಿಗ್ಗೆ ಎದ್ದರೆ ಬಲಗೈಯ ನಟ್ಟನಡುವೆ ಹಸಿರು ಚುಕ್ಕಿಗಳ ಒಂದು ಚೌಕ ಮೂಡಿರುತ್ತಿತ್ತು. ಬೆಂಕಿಪೊಟ್ಟಣದಷ್ಟು ಅಗಲ. ಮುಟ್ಟಿದರೆ ತಿಳಿಯದು, ತೊಳೆದರೆ ಹೋಗದು. ಆಸ್ಪತ್ರೆ, ಬಸ್ಸು, ಸಿನಿಮಾ ಮಂದಿರ, ಅಂಚೆ ಕಚೇರಿ, ಮದುವೆಯ ಛತ್ರ, ಹೀಗೆ ಜನ ಸೇರುವ ಎಲ್ಲ ಜಾಗಗಳ ಬಾಗಿಲ ಪಕ್ಕದಲ್ಲೂ ಒಂದು ಗಾಜಿನ ಕಣ್ಣು. ಅದಕ್ಕೆ ಅಂಗೈ ತೋರಿಸಬೇಕು. ಚೌಕ ಕಂಡರೆ ಬಾಗಿಲು ತಾನಾಗಿ ಸರಿದು ಒಬ್ಬರನ್ನು ಒಳಗೆ ಬಿಟ್ಟು ಮುಚ್ಚಿಕೊಳ್ಳುತ್ತಿತ್ತು. ಕಾಣದಿದ್ದರೆ ಇಲ್ಲ. ಕಾವಲುಗಾರರ ಹತ್ತಿರ ಬೀಗದ ಕೈ ಇರಲಿಲ್ಲ, ಒಳಗಿದ್ದವರು ತೆರೆಯೋಣವೆಂದರೆ ಬಾಗಿಲಿಗೆ ಹಿಡಿಕೆ ಇರಲಿಲ್ಲ. ಹೊರಗೆ ಹೋಗಲು ಹಿಂದುಗಡೆ ಬೇರೆ ಬಾಗಿಲು, ಅದು ಹೊರಕ್ಕಷ್ಟೇ ತಿರುಗುತ್ತಿತ್ತು.

ಜನ ಬೇಗ ಹೊಂದಿಕೊಂಡರು. ಮದುವಣಗಿತ್ತಿಯರು ಎಡಗೈಗೆ ಮಾತ್ರ ಮದರಂಗಿ ಹಚ್ಚಿಕೊಳ್ಳತೊಡಗಿದರು. ಸಂತೆಯಲ್ಲಿ ಕೈ ನೋಡಿ ಭವಿಷ್ಯ ಹೇಳುತ್ತಿದ್ದವನು ಗಂಡಸರಿಗೂ ಎಡಗೈಯೇ ಶ್ರೇಷ್ಠವೆಂದು ಹೊಸ ಶಾಸ್ತ್ರ ತೆಗೆದ. ಗಾರೆ ಕೆಲಸದವರು ಬಸ್ಸು ಹತ್ತುವ ಮೊದಲು ಕೈ ತೊಳೆಯಲಿಕ್ಕೆಂದು ನಿಲ್ದಾಣದಲ್ಲಿ ಒಂದು ನಲ್ಲಿ ಹಾಕಿಸಿದರು. ದಾರಿಯಲ್ಲಿ ಪರಿಚಯದವರು ಸಿಕ್ಕರೆ ನಮಸ್ಕಾರಕ್ಕೆ ಬದಲು ಅಂಗೈ ಎತ್ತಿ ತೋರಿಸಿ ನಗುವುದು ರೂಢಿಯಾಯಿತು.

ಹೊಂದಿಕೊಳ್ಳಲಾಗದೆ ಉಳಿದವರು ನಾವು, ನೀಲಿ ಓಣಿಯವರು. ನೂಲಿಗೆ, ಬಟ್ಟೆಗೆ ನೀಲಿ ಬಣ್ಣ ಹಾಕುವುದು ನಮ್ಮ ಕಸುಬು. ಹಿತ್ತಲಲ್ಲಿ ಕುತ್ತಿಗೆಯವರೆಗೆ ಹೂತ ಮಣ್ಣಿನ ಬಾನಿಗಳಲ್ಲಿ ನೀಲಿ, ಸುಣ್ಣದ ತಿಳಿ, ಬೆಲ್ಲ ಹಾಕಿ ಹುಳಿ ಬರಿಸುತ್ತೇವೆ. ಆ ಬಾನಿಯೊಳಗೆ ದಿನವೂ ಮೊಣಕೈವರೆಗೆ ಕೈ ಇಳಿಸಿದರೆ ಏನಾಗುತ್ತದೆ? ಓಣಿಯ ನಲವತ್ತೆರಡು ಮಂದಿಯ ಕೈಗಳೂ ಮಳೆಗಾಲದ ಮೋಡದಷ್ಟು ನೀಲಿ. ಎಲ್ಲರೂ ಎರಡೂ ಸೂಜಿ ಹಾಕಿಸಿಕೊಂಡವರೇ. ಚೌಕ ನಮ್ಮ ಕೈಯಲ್ಲೂ ಮೂಡಿತ್ತು ಖಂಡಿತ, ಆದರೆ ಆ ನೀಲಿಯ ಕೆಳಗೆ ಅದು ನಮಗೇ ಕಾಣುತ್ತಿರಲಿಲ್ಲ. ಗಾಜಿನ ಕಣ್ಣಿಗೆ ಎಲ್ಲಿಂದ ಕಾಣಬೇಕು?

ನನ್ನ ಹೆಸರು ಸಾವಂತ್ರವ್ವ. ನನ್ನ ಗಂಡ ರೋಗದ ಮೊದಲ ವರ್ಷವೇ ತೀರಿಕೊಂಡ. ಮನೆಯಲ್ಲಿ ಉಳಿದವರು ನಾನು, ನನ್ನ ಅತ್ತೆ ನಿಂಬೆವ್ವ ಇಬ್ಬರೇ. ಅತ್ತೆಗೆ ಅರವತ್ತೆಂಟು. ನೀಲಿ ಓಣಿಯಲ್ಲಿ ಅವಳ ಮಾತಿಗೆ ಎರಡನೆಯ ಮಾತಿಲ್ಲ. ಬಾನಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ, "ಇದಕ್ಕ ಇನ್ನೊಂದು ದಿನ ಬೇಕು," ಎಂದರೆ ಬೇಕೇ. ಸೂಜಿ ಬಂದಿದೆ ಎಂದು ಸುದ್ದಿಯಾದಾಗ ಓಣಿಯ ಅರ್ಧ ಜನ ಹೆದರಿ ಬಾಗಿಲು ಹಾಕಿಕೊಂಡಿದ್ದರು. ಅವಳು ಶಾಲೆಯ ಅಂಗಳಕ್ಕೆ ಎಲ್ಲರಿಗಿಂತ ಮೊದಲು ಹೋಗಿ ಕೂತು, "ನನ್ನ ಮಗನಿಗೆ ಸಿಗಲಿಲ್ಲ. ನನಗರ ಹಾಕ್ರಿ," ಎಂದು ತೋಳು ಚಾಚಿದಳು. ಅವಳನ್ನು ನೋಡಿ ಉಳಿದವರು ಬಂದರು. ಅಂಥವಳನ್ನೇ ಊರಿನ ಒಂದು ಬಾಗಿಲೂ ಒಳಗೆ ಬಿಡಲಿಲ್ಲ.

ಸಿನಿಮಾ ಇಲ್ಲದಿದ್ದರೆ ಬೇಡ, ಬಸ್ಸು ಇಲ್ಲದಿದ್ದರೆ ನಡೆದರಾಯಿತು. ಆದರೆ ಅವಳ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣು ಎರಡು ವರ್ಷದ ಹಿಂದೆಯೇ ಹೋಗಿತ್ತು. ಬಲಗಣ್ಣಿನ ಪೊರೆ ಬಲಿತು ಹಾಲಿನಂತೆ ಬೆಳ್ಳಗಾಗಿ, ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣದಾಗಿತ್ತು. ಹೊಳೆಯಾಚೆ ದಿಬ್ಬದ ಮೇಲಿನ ಆಸ್ಪತ್ರೆಗೆ ಕಣ್ಣಿನ ಡಾಕ್ಟರು ಮೃಣಾಲಿನಿ ತಿಂಗಳಿಗೆ ಎರಡು ದಿನ ಬರುತ್ತಿದ್ದರು. ಹಿಂದಿನ ತಿಂಗಳು ನಾವು ಬಾಗಿಲಲ್ಲಿ ನಿಂತು ಗೋಗರೆದಾಗ ಆಕೆ ಒಳಗಿನಿಂದ ಗಾಜಿಗೆ ಮುಖ ಹಚ್ಚಿ, ಬ್ಯಾಟರಿ ಬೆಳಕು ಬಿಟ್ಟು ಅತ್ತೆಯ ಕಣ್ಣು ನೋಡಿದ್ದರು.

"ಪೊರೆ ಉಬ್ಬೇದ," ಎಂದು ಗಾಜಿನಾಚೆಯಿಂದ ಗಟ್ಟಿಯಾಗಿ ಹೇಳಿದರು. "ಮುಂದಿನ ತಿಂಗಳು ತೆಗೀಲಿಕ್ಕೇ ಬೇಕು. ಅದು ಒಳಗ ಒಡದ್ರ ಕಣ್ಣು ಉಳಿಯೂದಿಲ್ಲ."

"ಅಪಘಾತದವರಿಗೆ ಆ ಕಡೆ ಬ್ಯಾರೆ ಬಾಗಿಲಾ ಐತೆಲ್ರೀ, ಅಲ್ಲಿಂದ ಬಿಡ್ರಿ," ಎಂದೆ ನಾನು.

ಕಾವಲುಗಾರ ದೇವೇಂದ್ರಪ್ಪ ಬಡಪಾಯಿ ತಲೆ ತುರಿಸಿಕೊಂಡ. "ಅದು ರಕ್ತ ಕಂಡ್ರ ತೆರೀತೈತಿ ತಂಗಿ, ಅಲ್ಲಿಂದ ಕಣ್ಣಿನ ವಿಭಾಗಕ್ಕ ದಾರೀನೂ ಇಲ್ಲ. ಪೊರೀಗೆ ಎಲ್ಲಿ ರಕ್ತ?"

ಬಾಗಿಲುಗಳ ಕಚೇರಿಗೂ ಹೋದೆ. ಅದರ ಬಾಗಿಲೂ ತೆರೆಯಲಿಲ್ಲವಾದ್ದರಿಂದ ಅಧಿಕಾರಿ ಶೇಷಗಿರಿ ಸಾಹೇಬರು ಕಿಟಕಿಗೆ ಬಂದರು. ಕೆಟ್ಟ ಮನುಷ್ಯರಲ್ಲ. ನನ್ನ ಕೈಯನ್ನು ಕಿಟಕಿಯ ಸರಳಿನ ಹತ್ತಿರ ತರಿಸಿ, ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಇದರಾಗ ಚೌಕ ಅದ ಅಂತ ನಾ ನಂಬ್ತೀನಿ ತಾಯಿ. ಆದರ ಬಾಗಿಲು ನನ್ನ ಮಾತು ಕೇಳೂದಿಲ್ಲ. ನಲವತ್ತು ದಿನ ಕೈ ಬಾನಿಗೆ ಇಳಸಬ್ಯಾಡ್ರಿ. ಬಣ್ಣ ತಾನಾ ಹೋಗ್ತದ."

ನಲವತ್ತು ದಿನ ಕೈ ಇಳಿಸದಿದ್ದರೆ ಬಾನಿ ಸಾಯುತ್ತದೆ. ಅದು ಹಸುಗೂಸಿದ್ದ ಹಾಗೆ, ದಿನಾ ನೋಡಬೇಕು, ಉಣಿಸಬೇಕು. ಡಾಕ್ಟರು ಬರುವುದಕ್ಕೆ ನಲವತ್ತು ದಿನ ಉಳಿದೂ ಇರಲಿಲ್ಲ. ಆದರೂ ಅತ್ತೆಯ ಮಟ್ಟಿಗೆ ಇದ್ದಷ್ಟು ದಿನ ನಾನು ಅದನ್ನೇ ಮಾಡಿಸಿದೆ. ಅವಳ ಕೈಯನ್ನು ಬಾನಿಯಿಂದ ದೂರವಿಟ್ಟು ನಿಂಬೆಹಣ್ಣು, ಹುಣಸೆಹಣ್ಣು, ಬೂದಿ, ಕೊನೆಗೆ ಇಟ್ಟಿಗೆಯ ಚೂರು ಹಾಕಿ ಉಜ್ಜಿದೆ. ಐವತ್ತೈದು ವರ್ಷದ ಬಣ್ಣ ಅದು. ಚರ್ಮ ಸುಲಿದು ರಕ್ತ ಜಿನುಗಿತೇ ಹೊರತು ನೀಲಿ ಅಲುಗಲಿಲ್ಲ. "ಸಾಕು ಬಿಡವ್ವಾ," ಎಂದಳು ಅತ್ತೆ. "ಕೈಯೂ ಹೋದೀತು, ಕಣ್ಣೂ ಹೋದೀತು."

ಡಾಕ್ಟರು ಬರುವುದಕ್ಕೆ ಇನ್ನು ನಾಲ್ಕು ದಿನ ಇದ್ದಾಗ ಆ ಸಂಗತಿ ನಡೆಯಿತು. ಬೆಳಿಗ್ಗೆ ಎಂಟರ ಸುಮಾರಿಗೆ ನಾನು ನೂಲಿನ ಲಡಿಗಳನ್ನು ಬಾನಿಗೆ ಇಳಿಸುತ್ತಿದ್ದೆ. ಒಂದು ಲಡಿ ಕೈ ಜಾರಿ ತಳಕ್ಕೆ ಹೋಯಿತು. ಬಾನಿಯ ನೀರು ಕಲಕಬಾರದು, ಗಾಳಿ ಸೇರಿದರೆ ಅದು ಕೆಡುತ್ತದೆ. ಆದ್ದರಿಂದ ಹೊಟ್ಟೆಯ ಮೇಲೆ ಮಲಗಿ, ತೋಳು ಪೂರ್ತಿ ಒಳಗಿಟ್ಟು, ಮೆಲ್ಲಗೆ ಬೆರಳಾಡಿಸುತ್ತ ಲಡಿಯನ್ನು ಹುಡುಕಿದೆ. ಹತ್ತು ನಿಮಿಷವಾದರೂ ಆಗಿರಬೇಕು. ಲಡಿ ಸಿಕ್ಕಿ ಕೈ ಹೊರಗೆ ತೆಗೆದೆ.

ನಮ್ಮ ನೀಲಿಯ ಗುಣ ನೀವು ನೋಡಿರಲಿಕ್ಕಿಲ್ಲ. ಬಾನಿಯೊಳಗೆ ಅದು ನೀಲಿಯಾಗಿರುವುದಿಲ್ಲ. ಬಟ್ಟೆ ಹೊರಗೆ ಬರುವಾಗ ಎಳೆಯ ಮಾವಿನೆಲೆಯಂತೆ ಹಳದಿ ಹಸಿರಾಗಿ ಬರುತ್ತದೆ. ಗಾಳಿ ತಾಗಿದ ಮೇಲೆ ನಮ್ಮ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಹುಟ್ಟಿದಾಗಿನಿಂದ ಅದನ್ನು ಕಂಡಿದ್ದೇನೆ. ಕಾಣದಿದ್ದದ್ದು ಒಂದೇ. ಅಷ್ಟು ಹೊತ್ತು ಬಾನಿಯಲ್ಲೇ ಇದ್ದ ನನ್ನ ಕೈಯ ಹಳೆಯ ನೀಲಿಯೂ ಕರಗಿ ತೆಳ್ಳಗೆ ಹಳದಿಯಾಗಿತ್ತು. ಅದರ ನಟ್ಟನಡುವೆ ಹಸಿರು ಚುಕ್ಕಿಗಳ ಚೌಕ ದೀಪದ ಹಾಗೆ ಉರಿಯುತ್ತಿತ್ತು. ನಾನು ಬಾಯಿ ತೆರೆದು ನೋಡುತ್ತಿದ್ದಂತೆ ಅಂಚಿನಿಂದ ನೀಲಿ ಹತ್ತಿ ಬಂದು ಅದನ್ನು ಮುಚ್ಚಿಬಿಟ್ಟಿತು.

"ಅತ್ತೀ! ಅತ್ತೀ!" ಎಂದು ಕೂಗಿದೆ. ಅವಳು ಗೋಡೆ ಹಿಡಿದುಕೊಂಡು ಬಂದಳು. ಹೇಳಿದೆ. ಅವಳು ನಂಬಲಿಲ್ಲ. ಮತ್ತೆ ಕೈ ಇಳಿಸಿದೆ. ಈ ಸಲ ಹತ್ತು ನಿಮಿಷ ಬೇಕಾಗಲಿಲ್ಲ, ಮುನ್ನೂರು ಎಣಿಸುವಷ್ಟರಲ್ಲಿ ಕೈ ತಿಳಿಯಾಯಿತು. ಹೊರಗೆ ತೆಗೆದು, "ಈಗ ಕಾಣಾಕತ್ತೈತಿ, ಎಣಿಸ್ರಿ," ಎಂದೆ. ಅವಳು ಎಣಿಸಿದಳು. ಇಪ್ಪತ್ತಕ್ಕೆ ಮುಚ್ಚಿತು.

"ನಮ್ಮ ಓಣ್ಯಾಗ ಇಷ್ಟು ತಲೆಮಾರು ಕೆಲಸ ಮಾಡೇವಿ," ಎಂದಳು ಅತ್ತೆ, "ಕೈ ಹಿಂಗ ತಿಳಿ ಆಗ್ತೈತಿ ಅನ್ನೂದು ಒಬ್ಬರಿಗೂ ತಿಳೀಲಿಲ್ಲಲ್ಲ."

"ಕೈ ಯಾರು ನೋಡ್ತಾರ ಅತ್ತಿ? ನಾವು ಬಟ್ಟಿ ನೋಡಾವ್ರು."

ಪಕ್ಕದ ಮನೆಯ ಹುಸೇನಬಿಯನ್ನು ಕರೆದೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಓಣಿಯಲ್ಲಿ ಎರಡನೆಯ ಒಳ್ಳೆಯ ಕೈ ಅವಳದು. ಅವಳೂ ಅದ್ದಿ ನೋಡಿದಳು, ಅವಳ ಚೌಕವೂ ಕಂಡಿತು. ನಾವಿಬ್ಬರೂ ಅಂಗೈ ಎತ್ತಿ ಹಿಡಿದುಕೊಂಡು ಓಣಿಯ ತುದಿಯ ಅಂಚೆ ಕಚೇರಿಗೆ ಓಡಿದೆವು. ಅರ್ಧ ದಾರಿಯಲ್ಲೇ ಕೈ ನೀಲಿಯಾಗಿತ್ತು. "ಕೈ ಬಾಗಿಲಿಗೆ ಓಡಿಸಿದ್ರ ಆಗೂದಿಲ್ಲ," ಎಂದಳು ಹುಸೇನಬಿ ಏದುಸಿರು ಬಿಡುತ್ತ. "ಬಾನೀನ್ನ ಒಯ್ಯಬೇಕು." ಒಂದು ಮಣ್ಣಿನ ಕೊಡದಲ್ಲಿ ಬಾನಿಯ ನೀರು ತುಂಬಿಕೊಂಡು ಹೋಗಿ ಬಾಗಿಲ ಮುಂದೆ ಇಟ್ಟು ಕೈ ಅದ್ದಿದೆ. ಮುನ್ನೂರು ಎಣಿಸಿ ತೆಗೆದು ತೋರಿಸಿದೆ. ಬಾಗಿಲು ಸರಿಯಿತು. ಏಳು ತಿಂಗಳ ಮೇಲೆ ಒಂದು ಬಾಗಿಲು ನನಗೆ ತೆರೆಯಿತು. ಒಳಗೆ ಹೋಗಿ ಏನು ಮಾಡಬೇಕೆಂದು ತಿಳಿಯದೆ ಒಂದು ಕಾರ್ಡು ಕೊಂಡು ಹಿಂದಿನ ಬಾಗಿಲಿಂದ ಹೊರಗೆ ಬಂದೆ. ಹುಸೇನಬಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಡಾಕ್ಟರು ಬರುವ ಮೊದಲನೆಯ ದಿನ ನಾನು, ಹುಸೇನಬಿ ಇಬ್ಬರೂ ಅತ್ತೆಯನ್ನು ಬಸ್ಸಿನಲ್ಲಿ ಕರೆದೊಯ್ದೆವು. ಆಸ್ಪತ್ರೆ ನಾಲ್ಕು ಮೈಲಿ ದೂರ, ಮುದುಕಿಯನ್ನು ನಡೆಸುವುದು ಬೇಡವೆಂದು ಹಾಗೆ ಮಾಡಿದೆ. ಬಸ್ಸಿನ ಬಾಗಿಲಲ್ಲಿ ಕೊಡ ಇಟ್ಟು ಮೂವರೂ ಸರದಿಯಂತೆ ಕೈ ಅದ್ದಿ ತೋರಿಸಿ ಹತ್ತಿದಾಗ ಒಳಗಿನ ಜನ ಸೀಟು ಬಿಟ್ಟೆದ್ದು ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು. ನಾನು ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ರಾಣಿಯಂತೆ ಕೂತೆ. ಬಸ್ಸು ಹೊರಟಿತು. ಸೇತುವೆಯವರೆಗಿನ ದಾರಿ ಬರೀ ಗುಂಡಿ. ಕೊಡದೊಳಗೆ ಲೊಳಕ್ ಲೊಳಕ್ ಎನ್ನುವುದು ಕೇಳುತ್ತಿತ್ತು. ಅತ್ತೆ ಆ ಸಪ್ಪಳಕ್ಕೆ ಕಿವಿ ಕೊಟ್ಟು ಕೂತಿದ್ದಳು. ಅವಳ ಮುಖ ಸಣ್ಣದಾಗುತ್ತ ಹೋಯಿತು. ಆದರೆ ಏನೂ ಹೇಳಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಮುಚ್ಚಳ ತೆಗೆದರೆ ನೀರು ಮೇಲಿಂದ ಕೆಳಗಿನವರೆಗೆ ನೀಲಿ. ಕುಲುಕಿ ಕುಲುಕಿ ಗಾಳಿ ಸೇರಿ ಅದು ಸತ್ತಿತ್ತು. ಆದರೂ ಅತ್ತೆಯ ಕೈ ಅದ್ದಿಸಿದೆ. ಐನೂರು ಎಣಿಸಿದೆ. ಕೈ ಮೊದಲಿಗಿಂತ ಕಪ್ಪಾಗಿ ಹೊರಬಂತು. ಬಾಗಿಲು ಅಲುಗಲಿಲ್ಲ. ಒಳಗೆ ಡಾಕ್ಟರು ಗಾಜಿನ ಹತ್ತಿರ ಬಂದು ನಮ್ಮನ್ನೂ ಕೊಡವನ್ನೂ ನೋಡಿ ಏನೆಂದು ಸನ್ನೆಯಲ್ಲೇ ಕೇಳಿದರು. ನಾನು ಹೇಳಿದ್ದು ಅವರಿಗೆ ಎಷ್ಟು ತಿಳಿಯಿತೋ. "ನಾಳೆ ಎರಡು ಗಂಟೀತನಾ ಇರ್ತೀನಿ," ಎಂದು ಎರಡು ಬೆರಳು ತೋರಿಸಿದರು. "ಎರಡು! ಅದರ ಮ್ಯಾಲ ನನ್ನ ಗಾಡಿ ಹೊರಡ್ತದ."

ಸತ್ತ ನೀರಿನಿಂದ ಬಸ್ಸಿನ ಬಾಗಿಲೂ ತೆರೆಯುವುದಿಲ್ಲವಲ್ಲ. ಬಿಸಿಲಿನಲ್ಲಿ ನಡೆದೇ ಮರಳಿದೆವು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ನನ್ನ ಹೆಗಲು ಹಿಡಿದು ಸೇತುವೆಯ ಮೇಲೆ ನಡೆಯುತ್ತಿದ್ದವಳು ಒಮ್ಮೆಗೇ ನಿಂತಳು.

"ಬಾನಿ ನೀರು ಕುಲುಕಬಾರದು ಅಂತ ನಿನಗ ಕಲಿಸಿದಾವ್ರು ಯಾರು?"

"ನೀವಾ."

"ಅರ್ಧ ಕೊಡ ತುಂಬಿ ಬಸ್ಸಿನ್ಯಾಗ ಒಯ್ದಾವ್ರು ಯಾರು?"

"ನಾನಾ."

"ನಾ ಬಾಯಿ ಬಿಡಬೇಕಾಗಿತ್ತು, ಬಿಡಲಿಲ್ಲ. ಕುರುಡಿ ಮಾತು ಯಾರು ಕೇಳ್ತಾರ ಅಂತ ಸುಮ್ಮ ಇದ್ದೆ. ಅದು ನನ್ನ ತಪ್ಪು," ಎಂದಳು. "ನಾಳೆ ನಾ ಹೇಳಿದಂಗ ಆಗಬೇಕು. ಓಣಿ ಹೆಂಗಸರನ್ನೆಲ್ಲ ಕರಿ. ಬಸ್ಸು ಬ್ಯಾಡ. ನಡೀತೀವಿ."

ಮರುದಿನ ಹೊತ್ತು ಹುಟ್ಟುತ್ತಲೇ ಅತ್ತೆ ಹಿತ್ತಲಲ್ಲಿ ಕೂತಿದ್ದಳು. ಓಣಿಯ ಎಲ್ಲ ಬಾನಿಗಳ ನೀರನ್ನೂ ತರಿಸಿ, ಬೆರಳದ್ದಿ, ಮೂಸಿ, ನಾಲಿಗೆಗೆ ಮುಟ್ಟಿಸಿ ಕೊನೆಗೆ ಹುಸೇನಬಿಯ ಹಿತ್ತಲಿನ ಮೂರನೆಯ ಬಾನಿಯನ್ನು ಆರಿಸಿದಳು. "ಇದು ಗಟ್ಟಿ ಜೀವ." ಕೊಡವನ್ನು ಮೊದಲು ಬಿಸಿನೀರಿನಲ್ಲಿ ಕಾಯಿಸಿದಳು. ನೀರನ್ನು ಎತ್ತಿ ಸುರಿಯಲಿಲ್ಲ. ಕೊಡವನ್ನೇ ಬಾನಿಯೊಳಗೆ ಮುಳುಗಿಸಿ ಗುಳ್ಳೆ ಏಳದಂತೆ ತುಂಬಿದಳು. ಕಂಠಮಟ್ಟ ಅಲ್ಲ, ಅಂಚಿನವರೆಗೆ. ಮೇಲೆ ಒದ್ದೆ ಬಾಳೆಲೆ ಒತ್ತಿ ಕೂರಿಸಿ, ಎಣ್ಣೆ ಹಚ್ಚಿದ ಬಟ್ಟೆ ಬಿಗಿದು, ಕಂಬಳಿ ಸುತ್ತಿದಳು. ಕಣ್ಣು ಕಾಣದವಳ ಬೆರಳುಗಳು ಒಂದು ಗಂಟನ್ನೂ ತಪ್ಪಲಿಲ್ಲ.

"ಗಾಳಿ ಹೋಗಾಕ ಜಾಗಾನ ಇಲ್ಲ. ಈಗ ಕುಲುಕದಂಗ ಒಯ್ಯೂದು ನಿಮ್ಮ ಕುತ್ತಿಗಿ ಮ್ಯಾಲ," ಎಂದಳು ಹೆಂಗಸರಿಗೆ.

ಇಪ್ಪತ್ತಾರು ಹೆಂಗಸರು ಹೊರಟೆವು. ಗಂಡಸರು ಮುಂದೆ ಹೋಗಿ ದಾರಿ ಬಿಡಿಸುತ್ತಿದ್ದರು. ಒಬ್ಬಳ ತಲೆಯ ಮೇಲೆ ಕೊಡ. ಇನ್ನೂರು ಹೆಜ್ಜೆಗೊಮ್ಮೆ ತಲೆ ಬದಲು. ಬದಲಿಸುವಾಗ ಇಬ್ಬರು ಎದೆಗೆದೆ ಹಚ್ಚಿ ನಿಂತು, ನಾಲ್ಕು ಕೈ ಕೊಡದ ಕೆಳಗೆ ಹಿಡಿದು, ಉಸಿರು ಬಿಗಿಹಿಡಿದು ದಾಟಿಸಬೇಕು. ಅತ್ತೆ ಕೊಡ ಹೊತ್ತವಳ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿದ್ದಳು. ಯಾರ ಹೆಜ್ಜೆ ಗಡಸಾದರೂ ಅವಳ ಬೆರಳಿಗೆ ತಿಳಿಯುತ್ತಿತ್ತು. "ಮೆಲ್ಲಕ, ಕೂಸು ಮಲಗೇತಿ," ಎನ್ನುತ್ತಿದ್ದಳು.

ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ಕೊಡ ಹುಸೇನಬಿಯ ತಲೆಯ ಮೇಲಿತ್ತು. ಎದುರಿನಿಂದ ಲಾರಿಯೊಂದು ಹಾರ್ನು ಹೊಡೆಯುತ್ತ ಬಂದು ಪಕ್ಕದಲ್ಲೇ ಹಾದುಹೋಯಿತು. ಆ ಗಾಳಿಗೆ ಅವಳ ಸೆರಗು ಹಾರಿ ಮುಖ ಮುಚ್ಚಿತು, ಅದೇ ಹೊತ್ತಿಗೆ ಚಪ್ಪಲಿಯ ಬಾರು ಕಿತ್ತುಬಂತು. ಅವಳು ನಿಲ್ಲಲೂ ಇಲ್ಲ, ಮುಖದ ಸೆರಗು ತೆಗೆಯಲೂ ಇಲ್ಲ. ಕಾಲು ಝಾಡಿಸಿ ಎರಡೂ ಚಪ್ಪಲಿಗಳನ್ನು ಹೊಳೆಗೆ ಒದ್ದು, ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದೇ ನಡೆದಳು. ನಾನು ಪಕ್ಕಕ್ಕೆ ಹೋಗಿ ಸೆರಗು ಸರಿಸಿದೆ. "ಬದಲಾಯಿಸೋಣೇನಕ್ಕಾ?" ಎಂದೆ. "ಸೇತುವಿ ದಾಟ್ಲಿ," ಎಂದಳು ಹಲ್ಲು ಕಚ್ಚಿಕೊಂಡು. ನಮ್ಮ ಹಿಂದೆ ಬಸ್ಸೊಂದು ಬಂದಿತ್ತು. ಚಾಲಕ ಹಾರ್ನು ಹೊಡೆಯಲಿಲ್ಲ. ಸೇತುವೆ ಮುಗಿಯುವವರೆಗೆ ನಮ್ಮ ಹೆಜ್ಜೆಯಲ್ಲೇ ಬಂದ. ಅದರ ಹಿಂದೆ ಗಾಡಿಗಳ ಸಾಲು ಬೆಳೆಯಿತು. ಒಬ್ಬರೂ ಹಾರ್ನು ಹೊಡೆಯಲಿಲ್ಲ.

ದಿಬ್ಬ ಹತ್ತಿ ಆಸ್ಪತ್ರೆ ಮುಟ್ಟಿದಾಗ ಎರಡು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಕೊಡವನ್ನು ಬಾಗಿಲ ಮುಂದೆ ಇಳಿಸಿದೆವು. ಅತ್ತೆ ಕೂತು ಗಂಟು ಬಿಚ್ಚಿದಳು. ಬಾಳೆಲೆ ಸರಿಸಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು.

"ಬದುಕೇತಿ," ಎಂದಳು.

ಬಲಗೈಯನ್ನು ಕೊಡದೊಳಗೆ ಇಳಿಸಿದಳು. ನಾವೆಲ್ಲ ಎಣಿಸಿದೆವು, ಮೊದಲು ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ. ಇನ್ನೂರ ತೊಂಬತ್ತೆಂಟು, ಇನ್ನೂರ ತೊಂಬತ್ತೊಂಬತ್ತು, ಮುನ್ನೂರು. ಕೈ ಹೊರಗೆ ಬಂತು. ಐವತ್ತೈದು ವರ್ಷದ ನೀಲಿ ಮಾವಿನ ಚಿಗುರಿನ ಬಣ್ಣಕ್ಕೆ ತಿರುಗಿ, ನಟ್ಟನಡುವೆ ಅವಳ ಚೌಕ ಉರಿಯುತ್ತಿತ್ತು. ಅದು ಅವಳಿಗೆ ಕಾಣುವ ಹಾಗಿರಲಿಲ್ಲ. ನಾನು ಅವಳ ಮಣಿಕಟ್ಟು ಹಿಡಿದು ಗಾಜಿನ ಕಣ್ಣಿಗೆ ತೋರಿಸಿದೆ. ಬಾಗಿಲು ಸರಿಯಿತು. ಹಿಂದೆ ಎದ್ದ ಕೂಗು ಹೊಳೆಯಾಚೆಗೂ ಕೇಳಿತಂತೆ.

ಒಳಗೆ ಕಣ್ಣಿನ ವಿಭಾಗಕ್ಕೆ ಇನ್ನೊಂದು ಬಾಗಿಲಿತ್ತು. ಕೊಡವನ್ನೂ ಒಳಗೆ ಒಯ್ಯಬೇಕು. ದೇವೇಂದ್ರಪ್ಪ ಅಡ್ಡ ಬಂದ. "ತಂಗಿ, ಮನುಷ್ಯಾರ್ದು ನಿಯಮ ಐತಿ. ಕೊಡದ್ದು ಏನ್ ಮಾಡ್ಲಿ? ಇದಕ್ಕ ಚೌಕ ಎಲ್ಲೈತಿ?"

"ಕೊಡಕ್ಕ ಜಡ್ಡು ಬರ್ತೈತೇನ್ರೀ?"

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ. "ಬರೂದಿಲ್ಲ," ಎಂದು ಪಕ್ಕಕ್ಕೆ ಸರಿದ. ನಾನು ಕೊಡವನ್ನು ಎಡ ಬಗಲಲ್ಲಿಟ್ಟು, ಬಲಗೈ ಅದರೊಳಗೆ ಇಳಿಸಿ ಮುನ್ನೂರು ಎಣಿಸಿದೆ. ಕೈ ತೋರಿಸಿ ಕೊಡದೊಂದಿಗೇ ಒಳಗೆ ಹೋದೆ. ಎರಡನೆಯ ಬಾಗಿಲಲ್ಲಿ ಮತ್ತೆ ಅತ್ತೆಯ ಕೈ, ಮತ್ತೆ ಎಣಿಕೆ. ನೀರಿನ ಮೇಲ್ಭಾಗ ಆಗಲೇ ನೀಲಿಗಟ್ಟುತ್ತಿತ್ತು, ಚೌಕ ಈ ಸಲ ಹತ್ತು ಎಣಿಸುವಷ್ಟೂ ನಿಲ್ಲಲಿಲ್ಲ. ಏಳಕ್ಕೇ ಬಾಗಿಲು ತೆರೆಯಿತು. ಅದು ಅವಳೊಬ್ಬಳನ್ನು ಒಳಗೆ ಬಿಟ್ಟು ಮುಚ್ಚಿಕೊಂಡಿತು. ನನ್ನ ಕೈಗೆ ಕೊಡದಲ್ಲಿ ಜೀವ ಉಳಿದಿರಲಿಲ್ಲ. ಗಾಜಿನಾಚೆ ಡಾಕ್ಟರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಅತ್ತೆಯ ತೋಳು ಹಿಡಿದು ಒಳಗೆ ಕರೆದೊಯ್ಯುವುದು ಕಾಣಿಸಿತು. ಅವರ ಗಾಡಿ ಅಂದು ಹೊರಟಾಗ ಸಂಜೆ ನಾಲ್ಕಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ನರ್ಸು ಪಟ್ಟಿ ಬಿಚ್ಚಿದಳು. ಅಷ್ಟರಲ್ಲಿ ನಾನು ಹೊಸ ಕೊಡ ತಂದು ಅತ್ತೆಯ ಹಾಸಿಗೆಯ ಪಕ್ಕಕ್ಕೆ ಬಂದಿದ್ದೆ. ಅತ್ತೆ ರೆಪ್ಪೆ ಬಡಿದಳು. ನೀರು ಸುರಿಯಿತು, ಒರೆಸಿಕೊಂಡಳು. ಕಿಟಕಿ ನೋಡಿದಳು, ನರ್ಸನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾಕ ಇಷ್ಟು ಸೊರಗೀದಿ?" ಎಂದಳು. ನಾನು ಅವಳ ಮಡಿಲಲ್ಲಿ ತಲೆಯಿಟ್ಟುಬಿಟ್ಟೆ.

ಆ ವಾರವೇ ಶೇಷಗಿರಿ ಸಾಹೇಬರು ನೀಲಿ ಓಣಿಗೆ ಬಂದರು. ಬಾನಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೈ ಬಣ್ಣ ಬದಲಾಗುವುದನ್ನು ಮೂರು ಸಲ ಮಾಡಿಸಿ ನೋಡಿದರು. ಸೋಮವಾರ ಅವರ ಹುಕುಂ ಹೊರಬಿತ್ತು: ಊರಿನ ಪ್ರತಿಯೊಂದು ಬಾಗಿಲ ಪಕ್ಕದಲ್ಲೂ ಕಟ್ಟೆ ಕಟ್ಟಿಸಿ ಒಂದು ಬಾನಿ ಹೂಳಬೇಕು, ನೀಲಿ ಓಣಿಯವರು ಅದನ್ನು ಜೀವಂತವಾಗಿಡಬೇಕು, ಅದಕ್ಕೆ ಕಚೇರಿಯಿಂದಲೇ ಸಂಬಳ. ಊರು ಅದಕ್ಕೂ ಹೊಂದಿಕೊಂಡಿತು. ಮೆಟ್ಟಿಲ ಮೇಲೆ ನೀಲಿ ಹನಿ ಬೀಳುತ್ತದೆ ಎಂದು ಮೊದಮೊದಲು ಗೊಣಗಿದವರು, ಆಮೇಲೆ ಬಾನಿಯ ಹತ್ತಿರ ನಿಂತು ನಮ್ಮ ಜೊತೆ ತಾವೂ ಎಣಿಸತೊಡಗಿದರು.

ಅತ್ತೆಗೆ ಮಾತ್ರ ಮನೆಯಲ್ಲಿ ಕೂರಲಾಗಲಿಲ್ಲ. "ಎಲ್ಲಾ ಬಾಗಿಲಾ ನೋಡಬೇಕು," ಎಂದು ಹೊರಟಳು. ಸಿನಿಮಾದ ಬಾಲ್ಕನಿಗೆ ಹತ್ತಿದಳು, ಚಿತ್ರ ಅರ್ಧವಾಗುವ ಮುಂಚೆ ಬೇಸತ್ತು ಇಳಿದಳು. ಓದಲು ಬಾರದಿದ್ದರೂ ಗ್ರಂಥಾಲಯಕ್ಕೆ ಹೋಗಿ ಫ್ಯಾನಿನ ಕೆಳಗೆ ಕೂತು ಬಂದಳು. ಗುರುತಿಲ್ಲದವರ ಮದುವೆಗೆ ಹೋಗಿ ಅಕ್ಷತೆ ಹಾಕಿದಳು. ಒಂಬತ್ತನೆಯ ದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟುಕೊಂಡು, "ವರ್ತಕರ ಸಂಘಕ್ಕ ನಡಿ," ಎಂದಳು.

ನನ್ನ ಕಾಲು ತಡೆಯಿತು. ಬಟ್ಟೆ ವ್ಯಾಪಾರಿಗಳ ಆ ಸಭಾಂಗಣ ಪೇಟೆಯ ನಡುವೆ ಇದೆ. ನಾವು ಬಣ್ಣ ಹಾಕಿದ ಬಟ್ಟೆ ತಲೆತಲಾಂತರದಿಂದ ಅದರ ಮುಂಬಾಗಿಲಿನಿಂದ ಒಳಗೆ ಹೋಗುತ್ತದೆ. ನಾವು ಹಿತ್ತಲ ಮೆಟ್ಟಿಲ ಬಳಿ ನಿಂತು, ಒಳಗೆ ಅವರು ಗೊತ್ತುಮಾಡುವ ದರಕ್ಕೆ ಕಾಯುತ್ತೇವೆ. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ, ರೋಗಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ನಮ್ಮವರು ಯಾರೂ ಒಳಗೆ ಹೋದದ್ದಿಲ್ಲ, ಅಷ್ಟೇ.

ಸುದ್ದಿ ಹೇಗೆ ಹಬ್ಬಿತೋ, ನಾವು ಪೇಟೆ ಮುಟ್ಟುವಷ್ಟರಲ್ಲಿ ಓಣಿಯೆಲ್ಲ ಹಿಂದೆ ಬಂದಿತ್ತು. ಹುಕುಂ ಪ್ರಕಾರ ಅಲ್ಲಿಯೂ ಬಾನಿ ಹೂತಿದ್ದರು. ಅತ್ತೆ ಕೈ ಅದ್ದಿದಳು. ತೆಗೆದಳು. ಈ ಸಲ ತನ್ನ ಚೌಕವನ್ನು ತಾನೇ ನೋಡಿಕೊಂಡು, ತಾನೇ ತೋರಿಸಿದಳು. ಬಾಗಿಲು ಸರಿಯಿತು. ಅವಳ ಹಿಂದೆ ನಾನೂ ಕೈ ಅದ್ದಿ ಒಳಗೆ ಹೋಗುವಷ್ಟರಲ್ಲಿ ಸಭೆಯವರೆಲ್ಲ ಬಾಗಿಲ ಕಡೆ ತಿರುಗಿದ್ದರು. ಅಧ್ಯಕ್ಷರು ಎದ್ದು ನಿಂತಿದ್ದರು.

"ಏನಮ್ಮಾ, ಇದು ಸಂಘದವರು ಕೂಡೂ ಜಾಗ. ನಿಮಗ ಯಾರು ಬಿಟ್ಟರು?"

"ಬಾಗಿಲಾ ಬಿಡ್ತು," ಎಂದಳು ಅತ್ತೆ. "ಏಳು ತಿಂಗಳು ಅದು ಬ್ಯಾಡ ಅಂತು, ನಾವು ಹೊರಗ ನಿಂತ್ವಿ. ಈಗ ಬಾ ಅಂದೈತಿ. ಅದು ಬಾ ಅಂದ ಮ್ಯಾಲ ನೀವು ಬ್ಯಾಡ ಅಂತೀರೇನು?"

ಅತ್ತೆ ಅಧ್ಯಕ್ಷರ ಎದುರಿನ ಕುರ್ಚಿ ಎಳೆದು ಕೂತಳು. ಪಕ್ಕದ್ದರಲ್ಲಿ ನಾನು ಕೂತೆ. ಹಿಂದೆ ಬಾಗಿಲು ಮತ್ತೆ ಸರಿಯಿತು, ಹುಸೇನಬಿ ಹೊಸ ಚಪ್ಪಲಿ ಟಪಟಪ ಮಾಡುತ್ತ ಒಳಗೆ ಬಂದಳು. ಬಾಗಿಲು ಮುಚ್ಚಿತು, ತೆರೆಯಿತು. ಇನ್ನೊಬ್ಬಳು. ಮುಚ್ಚಿತು, ತೆರೆಯಿತು. ಹೊರಗೆ ಮೆಟ್ಟಿಲ ಮೇಲೆ ಪೇಟೆಯ ಜನ ಸೇರಿ ಒಬ್ಬೊಬ್ಬರ ಕೈಗೂ ಗಟ್ಟಿಯಾಗಿ ಎಣಿಸುತ್ತಿರುವುದು ಕೇಳುತ್ತಿತ್ತು. ನಲವತ್ತೆರಡು ಮಂದಿಯೂ ಒಳಗೆ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕುರ್ಚಿಗಳು ಸಾಲಲಿಲ್ಲ. ಸಂಘದವರಲ್ಲಿ ವಯಸ್ಸಾದ ಒಬ್ಬರು ಮೊದಲು ಎದ್ದು ತಮ್ಮದನ್ನು ಬಿಟ್ಟುಕೊಟ್ಟರು, ಆಮೇಲೆ ಇನ್ನೊಬ್ಬರು. ಕೊನೆಗೆ ಬಂದವಳಿಗೆ ಅಧ್ಯಕ್ಷರೇ ತಮ್ಮ ಕುರ್ಚಿ ಕೊಟ್ಟು, ಗೋಡೆಗೆ ಒರಗಿ ನಿಂತರು.

"ಹಾಂ," ಎಂದಳು ಅತ್ತೆ, ಎಲ್ಲರನ್ನೂ ತನ್ನ ಒಂದೇ ಕಣ್ಣಿನಿಂದ ನೋಡುತ್ತ. "ಈಗ ನೀಲಿ ಬಟ್ಟಿ ವಿಷಯ ಮಾತಾಡೂಣು."